ಪಫರ್ ಮೀನಿನ ಟ್ಯಾಂಕಿಗೆ ಉಪ್ಪು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ನೀಲೇಶ್ವರದವರೆಗೆ ಪಫರ್, ಅಂದರೆ ಹೆದರಿದರೆ ಮೈ ಉಬ್ಬಿಸುವ ಮೀನು, ಸಾಕುವವರು ಈಗ ಸುಮಾರು ಜನ ಇದ್ದಾರೆ. ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವುದು ಆಮೇಲೆ.

## ಮೊದಲು ಮೀನು, ಆಮೇಲೆ ಉಪ್ಪು

ಪಫರ್ ಮೀನಿಗೆ ಎಷ್ಟು ಉಪ್ಪು ಹಾಕಬೇಕು? ಸುಮ್ನೆ ಒಂದು ಅಂಕೆ ಹೇಳಿ ಮಾರಾಯ್ರೇ.

ಒಂದು ಅಂಕೆ ಸಾಲದು. ಜಾತಿಗೊಂದು ಲೆಕ್ಕ ಇದೆ.

ಬಟಾಣಿ ಪಫರಿಗೆ ಉಪ್ಪು ಬೇಡವೇ ಬೇಡ. ಫಿಗರ್ ಎಯ್ಟ್ ಪಫರಿಗೆ ಎಸ್‌ಜಿ (ಉಪ್ಪಿನಿಂದ ನೀರು ಎಷ್ಟು ಭಾರವಾಗಿದೆ ಎಂಬ ಅಳತೆ, ವಿವರ ಮುಂದೆ ಇದೆ) 1.005ರಿಂದ 1.008. ಗ್ರೀನ್ ಸ್ಪಾಟೆಡ್ ಪಫರ್ ಮರಿಯಾಗಿದ್ದಾಗ 1.005ರಿಂದ 1.008 ಸಾಕು. ಬೆಳೆದ ಮೇಲೆ 1.015ರಿಂದ 1.022ರ ನಡುವೆ ಎಲ್ಲಾದರೂ ಒಂದು ಕಡೆ ನಿಲ್ಲಿಸಿ. ಆರೋಥ್ರಾನ್ ಗುಂಪಿನ ನಾಯಿಮೂತಿಯ ಪಫರ್‌ಗಳು ಸಮುದ್ರದವು, ಅವಕ್ಕೆ ಪೂರ್ತಿ ಸಮುದ್ರದ ಉಪ್ಪೇ ಬೇಕು.

ಈ ಅಂಕೆಗಳನ್ನು ಮೂರನೇ ದಶಮಾಂಶದವರೆಗೆ ಹಿಡಿದುಕೊಂಡು ಒದ್ದಾಡಬೇಡಿ. 1.006 ಇದ್ದರೂ 1.007 ಇದ್ದರೂ ಫಿಗರ್ ಎಯ್ಟ್ ಆರಾಮವಾಗಿರುತ್ತದೆ. ಇವತ್ತು 1.004, ನಾಳಿದ್ದು 1.009 ಆದರೆ ಮಾತ್ರ ಕಷ್ಟ.

ನನ್ನದು ಯಾವ ಪಫರ್ ಅಂತ ಗೊತ್ತಾಗುವುದು ಹೇಗೆ? ಅಂಗಡಿಯವರು ಬರೀ ‘ಪಫರ್’ ಅಂದರು.

ಬೆನ್ನು ನೋಡಿ. ಹಸಿರು ಬೆನ್ನಿನ ಮೇಲೆ ಬೇರೆ ಬೇರೆಯಾಗಿ ಕಪ್ಪು ದುಂಡು ಚುಕ್ಕೆ, ಹೊಟ್ಟೆ ಬೆಳ್ಳಗೆ ಇದ್ದರೆ ಅದು ಗ್ರೀನ್ ಸ್ಪಾಟೆಡ್. ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಕಂದು ಬೆನ್ನಿನ ಮೇಲೆ ಹಳದಿ ಗೆರೆಗಳು ಸುತ್ತಿ ಸುತ್ತಿ ಬಂದು, ಬಾಲದ ಹತ್ತಿರ ಉಂಗುರ ಹಾಕಿದ ಕಣ್ಣಿನಂಥ ಚುಕ್ಕೆ ಇದ್ದರೆ ಫಿಗರ್ ಎಯ್ಟ್. ಅದು 8 ಸೆಂಟಿಮೀಟರಿಗೆ ನಿಲ್ಲುತ್ತದೆ. ಬೆರಳಿನ ಉಗುರಿನಷ್ಟೇ ಇದ್ದು, ಹಳದಿ ಮಿಶ್ರಿತ ಹಸಿರು ಮೈಯಲ್ಲಿ ಕಪ್ಪು ಮಚ್ಚೆ ಇದ್ದರೆ ಬಟಾಣಿ ಪಫರ್. ಅದು ಪೂರ್ತಿ ಬೆಳೆದರೂ ಮೂರು, ಮೂರೂವರೆ ಸೆಂಟಿಮೀಟರ್ ಅಷ್ಟೇ.

ತೊಂದರೆ ಬರುವುದು ಸಿಲೋನ್ ಪಫರ್ ವಿಷಯದಲ್ಲಿ. ಮರಿಯಲ್ಲಿ ಇದು ಗ್ರೀನ್ ಸ್ಪಾಟೆಡ್‌ನಂತೆಯೇ ಕಾಣುತ್ತದೆ. ಬೆಳೆಯುತ್ತಾ ಚುಕ್ಕೆಗಳ ಬದಲು ಬೆನ್ನಿಗೆ ದೊಡ್ಡ ಪಟ್ಟೆಗಳು ಬರುತ್ತವೆ. ಭಾರತ, ಶ್ರೀಲಂಕಾದ ಅಳಿವೆಗಳದ್ದೇ ಮೀನು. ಅನುಮಾನ ಇದ್ದರೆ 1.005ರಲ್ಲಿ ಶುರು ಮಾಡಿ. ಮೇಲೆ ಹೇಳಿದ ಅಳಿವೆ ಮೀನುಗಳ ಮರಿಗಳಿಗೆಲ್ಲ ಅದು ಆಗುತ್ತದೆ. ಬಣ್ಣ ಸ್ಪಷ್ಟವಾದ ಮೇಲೆ ಮುಂದಿನದು.

ಅಂಗಡಿಯಲ್ಲಿ ಸಿಹಿನೀರಿನಲ್ಲೇ ಚೆನ್ನಾಗಿತ್ತು. ನಾನು ಯಾಕೆ ಉಪ್ಪಿಗೆ ದುಡ್ಡು ಹಾಕಬೇಕು?

ಚೆನ್ನೈಯ ಕೊಳತ್ತೂರಿನಿಂದ ಬರಲಿ, ಮಂಗಳೂರಿನಿಂದ ಬರಲಿ, ಹೆಚ್ಚಿನ ಮರಿಗಳು ಬರುವುದು ಸಿಹಿನೀರಿನಲ್ಲೇ. ಅಂಗಡಿಯವರಿಗೆ ಅದು ಸಲೀಸು, ಎಲ್ಲ ಟ್ಯಾಂಕಿಗೂ ಒಂದೇ ನೀರು. ಮೀನು ಅಲ್ಲಿ ಇರುವುದು ಕೆಲವು ವಾರ ಮಾತ್ರ.

ಮೀನಿನ ರಕ್ತದಲ್ಲಿ ಸಿಹಿನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ಸಿಹಿನೀರಿನಲ್ಲಿ ಕಿವಿರುಗಳ ಮೂಲಕ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರಬೇಕು, ಹೊರಗೆ ಹೋಗುವ ಉಪ್ಪನ್ನು ಕಿವಿರು ಮತ್ತೆ ಎಳೆದುಕೊಳ್ಳುತ್ತಲೇ ಇರಬೇಕು. ಅಳಿವೆಯ ಮೀನು ಸ್ವಲ್ಪ ಕಾಲ ಇದನ್ನು ಮಾಡಬಲ್ಲದು. ವರ್ಷಗಟ್ಟಲೆ ಮಾಡಿಸಿದರೆ ಬಣ್ಣ ಮಂಕಾಗುತ್ತದೆ, ಪದೇ ಪದೇ ಕಾಯಿಲೆ ಬೀಳುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಸರಿಯಾಗಿ ನೋಡಿಕೊಂಡ ಗ್ರೀನ್ ಸ್ಪಾಟೆಡ್ ಹತ್ತು ವರ್ಷ ದಾಟುವುದುಂಟು.

ಬಟಾಣಿ ಪಫರಿಗೂ ಒಂದು ಚಿಟಿಕೆ ಉಪ್ಪು ಹಾಕಿದರೆ ಒಳ್ಳೆಯದಲ್ವಾ?

ಅಲ್ಲ. ಇದು ಪಶ್ಚಿಮ ಘಟ್ಟದ ಹೊಳೆಗಳ ಮೀನು. 1941ರಲ್ಲಿ ಹೋರಾ ಮತ್ತು ನಾಯರ್ ಇದನ್ನು ಮೊದಲು ವಿವರಿಸಿದ್ದು ಕೇರಳದ ಪಂಪಾ ನದಿಯಿಂದ. ಸಮುದ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ‘ಪಫರ್ ಅಂದರೆ ಉಪ್ಪು’ ಎಂದು ಯಾರೋ ಹೇಳಿದ್ದನ್ನು ನಂಬಿ ಉಪ್ಪು ಹಾಕುವವರು ಈಗಲೂ ಇದ್ದಾರೆ. ನಮ್ಮ ಕಡೆಯ ಬಾವಿ ನೀರು ಇದಕ್ಕೆ ಬಹಳ ಸಲ ಹಾಗೆಯೇ ಆಗುತ್ತದೆ.

ಒಂದು ಮಾತು: ಹೊಳೆಯಿಂದ ಹಿಡಿದು ಹಿಡಿದು ಇದರ ಸಂಖ್ಯೆ ಕುಸಿದಿದೆ. ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದರ ಹೆಸರು ಇದೆ. ಟ್ಯಾಂಕಿನಲ್ಲಿ ಮರಿ ಮಾಡಿಸಿದವರಿಂದ ಸಿಕ್ಕಿದರೆ ಅಲ್ಲಿಂದಲೇ ತಗೊಳ್ಳಿ.

ಎಸ್‌ಜಿ, ಪಿಪಿಟಿ ಅಂದರೆ ಎಂತ? ಯಾವುದನ್ನು ನೋಡಬೇಕು?

ಎರಡೂ ಒಂದೇ ವಿಷಯ ಹೇಳುತ್ತವೆ. ಪಿಪಿಟಿ ಅಂದರೆ ಒಂದು ಕಿಲೋ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪು ಇದೆ ಎಂಬುದು. ಎಸ್‌ಜಿ ಅಂದರೆ ಶುದ್ಧ ನೀರಿಗಿಂತ ಆ ನೀರು ಎಷ್ಟು ಪಟ್ಟು ಭಾರ ಎಂಬುದು. ಶುದ್ಧ ನೀರು 1.000. ಸಮುದ್ರ 35 ಪಿಪಿಟಿ, ಅಂದರೆ 1.026ರ ಹತ್ತಿರ.

ನಮ್ಮ ಕೋಣೆಯ ಉಷ್ಣತೆಯಲ್ಲಿ 1.005 ಅಂದರೆ ಸುಮಾರು 7 ಪಿಪಿಟಿ, 1.010 ಅಂದರೆ 13ರಿಂದ 14, 1.015 ಅಂದರೆ 20, 1.020 ಅಂದರೆ 27. ಪಫರ್ ಸಾಕುವವರು ಮಾತಾಡುವುದು ಎಸ್‌ಜಿಯಲ್ಲೇ. ಉಪ್ಪು ತೂಗುವಾಗ ಮಾತ್ರ ಪಿಪಿಟಿ ಸುಲಭ.

ಚಂದ್ರಗಿರಿ ಹೊಳೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಅಲ್ಲಿನ ಮೀನು ಬದುಕುತ್ತದಲ್ಲಾ? ಟ್ಯಾಂಕಿನಲ್ಲಿ ಮಾತ್ರ ಯಾಕೆ ಇಷ್ಟು ಲೆಕ್ಕಾಚಾರ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ನಮ್ಮ ಹೊಳೆಗಳ ಕಥೆ ನಮಗೆಲ್ಲ ಗೊತ್ತಿದೆ. ಬಾವಿಕೆರೆಯಲ್ಲಿ ಕಾಯಂ ತಡೆಗೋಡೆ ಆಗುವ ಮೊದಲು ಬೇಸಿಗೆ ಬಂತೆಂದರೆ ಕಾಸರಗೋಡು ಪೇಟೆಯ ನಳ್ಳಿಯಲ್ಲೇ ಉಪ್ಪು ನೀರು ಬರುತ್ತಿತ್ತು. ಸಮುದ್ರ ಅಷ್ಟು ದೂರ ಒಳಗೆ ಬರುತ್ತದೆ. ಜೂನಿನಲ್ಲಿ ಎರಡು ದೊಡ್ಡ ಮಳೆ ಹೊಡೆದರೆ ಅದೇ ಹೊಳೆ ಕೆಂಪು ಸಿಹಿನೀರು.

ಆದರೆ ಹೊಳೆಯಲ್ಲಿ ಮೀನಿಗೆ ಜಾಗ ಇದೆ. ಉಪ್ಪು ನೀರು ಭಾರ, ಅದು ಅಡಿಯಲ್ಲಿ ಹರಿಯುತ್ತದೆ. ಸಿಹಿನೀರು ಮೇಲೆ ತೇಲುತ್ತದೆ. ಮೀನು ಕೆಳಗಿಳಿದರೆ ಒಂದು ಉಪ್ಪು, ಮೇಲೆ ಬಂದರೆ ಇನ್ನೊಂದು. ಉಬ್ಬರದ ಜೊತೆ ಮೇಲಕ್ಕೆ ಹೋಗಬಹುದು, ಇಳಿತದ ಜೊತೆ ಅಳಿವೆ ಬಾಯಿಗೆ ಬರಬಹುದು. ತನಗೆ ಹಿತವಾದ ನೀರನ್ನು ಅದೇ ಹುಡುಕಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಮೂರಡಿ ಗಾಜು, ನೀವು ಕೊಟ್ಟ ನೀರು, ಮುಗಿಯಿತು.

ಇನ್ನೊಂದು ಇದೆ. ಹೊಳೆ ಬದಲಾದಾಗ ಮೀನಿಗೆ ಮಾತ್ರ ಬದಲಾಗುತ್ತದೆ. ಟ್ಯಾಂಕಿನಲ್ಲಿ ಉಪ್ಪು ಏಕಾಏಕಿ ಬದಲಾದರೆ ಮೀನಿನ ಹೊಲಸಿನ ಅಮೋನಿಯಾವನ್ನು ತಿನ್ನುವ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ, ಅಮೋನಿಯಾ ಏರುತ್ತದೆ. ಮೀನು ಉಪ್ಪಿನಿಂದ ತಪ್ಪಿಸಿಕೊಂಡರೂ ಅಮೋನಿಯಾದಿಂದ ತಪ್ಪಿಸಿಕೊಳ್ಳುವುದಿಲ್ಲ.

## ಉಪ್ಪು, ನೀರು

ಅಡುಗೆ ಉಪ್ಪು ಹಾಕಬಹುದಾ? ಕಲ್ಲುಪ್ಪು ಆದರೆ? ಅದೂ ಸಮುದ್ರದ್ದೇ ಅಲ್ವಾ?

ಸಮುದ್ರದ್ದೇ, ಆದರೆ ಸಮುದ್ರದ ಎಲ್ಲವೂ ಅದರಲ್ಲಿ ಇಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಒಣಗುವಾಗ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಕಹಿ ಮೆಗ್ನೀಸಿಯಂ ಲವಣಗಳು ಉಳಿದ ನೀರಿನಲ್ಲೇ ಇರುತ್ತವೆ, ಆ ನೀರನ್ನು ಹೊರಗೆ ಬಿಡುತ್ತಾರೆ. ಸುಣ್ಣದ ಅಂಶ ಅದಕ್ಕೂ ಮೊದಲೇ ಬೇರ್ಪಟ್ಟಿರುತ್ತದೆ. ಹಾಗಾಗಿ ಕಲ್ಲುಪ್ಪು ನೀರನ್ನು ಭಾರ ಮಾಡುತ್ತದೆ, ಉಪ್ಪು ಅಳೆಯುವ ಹೈಡ್ರೋಮೀಟರಿನ ಮುಳ್ಳೂ ಏರುತ್ತದೆ. ಆದರೆ ಪಿಎಚ್ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಪಫರಿಗೆ 7.8ರಿಂದ 8.4ರ ಪಿಎಚ್ ಬೇಕು. ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಂತೆ ಸೇರಿಸಿದ ಪದಾರ್ಥವೂ ಇರುತ್ತದೆ.

ಅಕ್ವೇರಿಯಂ ಅಂಗಡಿಯ ಮೆರೈನ್ ಸಾಲ್ಟ್ ಮಿಕ್ಸ್ ತಗೊಳ್ಳಿ. ಇನ್‌ಸ್ಟಂಟ್ ಓಷನ್, ರೆಡ್ ಸೀ, ಯಾವುದಾದರೂ ಸರಿ. ಹವಳ ಸಾಕುವವರಿಗೆ ಮಾಡಿದ ದುಬಾರಿ ಪೊಟ್ಟಣ ಪಫರಿಗೆ ದಂಡ.

‘ಅಕ್ವೇರಿಯಂ ಸಾಲ್ಟ್’ ಅಂತ ಬರೆದದ್ದನ್ನೇ ತಂದಿದ್ದೇನೆ. ಆಗುತ್ತದಾ?

ಆಗುವುದಿಲ್ಲ. ಅದು ಚಂದದ ಡಬ್ಬಿಯಲ್ಲಿರುವ ಸೋಡಿಯಂ ಕ್ಲೋರೈಡ್. ಸಿಹಿನೀರಿನ ಮೀನಿಗೆ ಔಷಧಿಯಂತೆ ಬಳಸುವುದಕ್ಕೆ ಇಟ್ಟುಕೊಳ್ಳಿ.

ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ. ನೀರನ್ನು ಅಲ್ಲಿಂದಲೇ ತಂದರೆ?

ತರಬಹುದು. ದುಡ್ಡೂ ಉಳಿಯುತ್ತದೆ. ಆದರೆ ಎಲ್ಲಿಂದ, ಯಾವಾಗ ಎಂಬುದು ಮುಖ್ಯ. ಅಳಿವೆ ಬಾಯಿ, ದೋಣಿ ನಿಲ್ಲುವ ಜಾಗ, ಚರಂಡಿ ಸೇರುವ ಜಾಗ ಬೇಡ. ಡೀಸೆಲ್ ವಾಸನೆ ಬಂದ ಕಡೆ ಕ್ಯಾನ್ ಮುಳುಗಿಸಲೇಬೇಡಿ. ಜನವರಿಯಿಂದ ಮೇವರೆಗೆ, ಉಬ್ಬರ ತುಂಬಿದ ಹೊತ್ತಿನಲ್ಲಿ ತಂದರೆ ನೀರು ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಕೆಸರು ಜಾಸ್ತಿ, ಹೊಳೆ ನೀರು ಸೇರಿ ಉಪ್ಪೂ ಕಡಿಮೆ. ಆ ನಾಲ್ಕು ತಿಂಗಳು ಪೊಟ್ಟಣದ ಉಪ್ಪೇ ಒಳ್ಳೆಯದು.

ತಂದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಕ್ಯಾನಿನಲ್ಲಿ ಕತ್ತಲೆಯಲ್ಲಿ ಒಂದೆರಡು ವಾರ ಇಡಿ. ಅದರಲ್ಲಿನ ಸಣ್ಣ ಜೀವಿಗಳು ಸತ್ತು ಅಡಿಗೆ ಕೂರುತ್ತವೆ. ಮೇಲಿನ ತಿಳಿಯನ್ನು ಮಾತ್ರ ಬಳಸಿ, ಬಳಸುವ ಮುಂಚೆ ಗಾಳಿ ಕೊಡಿ.

ಬೆರೆಸುವ ಲೆಕ್ಕ ಸುಲಭ. ಒಂದು ಪಾಲು ಸಮುದ್ರದ ನೀರಿಗೆ ನಾಲ್ಕು ಪಾಲು ಸಿಹಿನೀರು ಸೇರಿಸಿದರೆ 1.005. ಎರಡಕ್ಕೆ ಮೂರು ಸೇರಿಸಿದರೆ 1.010. ಮೂರಕ್ಕೆ ಎರಡು ಸೇರಿಸಿದರೆ 1.015ರ ಆಸುಪಾಸು. ಆಮೇಲೂ ಅಳೆಯಲೇಬೇಕು, ಯಾಕೆಂದರೆ ಕರಾವಳಿಯ ನೀರು ಎಲ್ಲ ದಿನವೂ 35 ಪಿಪಿಟಿ ಇರುವುದಿಲ್ಲ.

ನಮ್ಮ ಬಾವಿಯ ನೀರೇ ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆ. ಅದನ್ನೇ ಹಾಕಿದರೆ ಉಪ್ಪು ಕೊಳ್ಳುವ ಕೆಲಸ ಇಲ್ಲವಲ್ಲ?

ಹೊಳೆ ಬದಿಯ ಬಾವಿಗಳಲ್ಲಿ ಇದು ಸಾಮಾನ್ಯ. ಕುಡಿಯಲು ಆಗದಷ್ಟು ಉಪ್ಪು ಅನಿಸುವ ನೀರಿನಲ್ಲೂ ಬಹಳ ಸಲ ಒಂದೆರಡು ಪಿಪಿಟಿ ಮಾತ್ರ ಇರುತ್ತದೆ. ಪಫರಿಗೆ ಬೇಕಾದದ್ದು 7ರಿಂದ ಮೇಲೆ. ಅಲ್ಲದೆ ಅದು ಪ್ರತಿ ವಾರ ಬದಲಾಗುತ್ತದೆ, ಒಂದು ಮಳೆಗೆ ಮಾಯವಾಗುತ್ತದೆ. ಬಳಸುವುದಾದರೆ ಅದನ್ನು ಸಿಹಿನೀರು ಅಂತ ಲೆಕ್ಕ ಹಾಕದೆ, ಪ್ರತಿ ಸಲ ಅಳೆದು, ಕಡಿಮೆ ಬಿದ್ದಷ್ಟು ಉಪ್ಪು ಸೇರಿಸಿ.

ಬಾವಿ ನೀರಿನ ಪಿಎಚ್ 6 ತೋರಿಸುತ್ತದೆ. ಉಪ್ಪು ಹಾಕಿದರೆ ಸರಿಹೋಗುತ್ತದಾ?

ಮುರಕಲ್ಲಿನ ಬಾವಿ ಅಂದರೆ ಹಾಗೆಯೇ. ನೀರು ಮೆದು, ಸ್ವಲ್ಪ ಹುಳಿ, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಮೆರೈನ್ ಸಾಲ್ಟ್ ಹಾಕಿದಾಗ ಪಿಎಚ್ ಏರುತ್ತದೆ. ಆದರೆ 1.005ಕ್ಕೆ ಹಾಕುವ ಉಪ್ಪು ಸಮುದ್ರದ ಐದರಲ್ಲಿ ಒಂದು ಪಾಲು ಮಾತ್ರ, ಅದರ ಜೊತೆ ಬರುವ ಕ್ಷಾರವೂ ಅಷ್ಟೇ. ಪಫರ್ ಗಲೀಜು ಮಾಡುವ ಮೀನು. ಫಿಲ್ಟರಿನ ಕೆಲಸದಲ್ಲಿ ಆ ಕ್ಷಾರ ಬೇಗ ಕರಗಿಹೋಗುತ್ತದೆ, ಪಿಎಚ್ ಮತ್ತೆ ಜಾರುತ್ತದೆ.

ಮರುವಾಯಿ ಚಿಪ್ಪಿಗೆ ನಮ್ಮಲ್ಲಿ ಬರಗಾಲ ಇಲ್ಲ. ಮಾಂಸದ ಚೂರು ಇಲ್ಲದಂತೆ ತಿಕ್ಕಿ, ಕುದಿಸಿ, ಒಣಗಿಸಿ, ಒರಟಾಗಿ ಪುಡಿ ಮಾಡಿ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಹವಳದ ಪುಡಿ ಸಿಕ್ಕಿದರೆ ಇನ್ನೂ ಬೇಗ ಕೆಲಸ ಮಾಡುತ್ತದೆ. ಕೆಎಚ್ (ನೀರಿನಲ್ಲಿರುವ ಕ್ಷಾರದ ಅಳತೆ) 8ರಿಂದ 12ರ ನಡುವೆ ಇದ್ದರೆ ಪಿಎಚ್ ಬಗ್ಗೆ ನಿದ್ದೆಗೆಡಬೇಕಾಗಿಲ್ಲ. ಚಿಪ್ಪಿನ ಮೇಲೆ ಜಿಡ್ಡು ಕಟ್ಟಿದರೆ ಕರಗುವುದು ನಿಲ್ಲುತ್ತದೆ, ಆಗಾಗ ತೊಳೆಯಿರಿ.

ಮಳೆ ಶುರುವಾದಾಗ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋದರು. ನೀರು ಬದಲಿಸಬಹುದಾ?

ಆ ದಿನ ಬೇಡ. ಎರಡು ದಿನ ತೆರೆದ ಪಾತ್ರೆಯಲ್ಲಿ ಗಾಳಿ ಕೊಟ್ಟು ಇಡಿ, ಅಥವಾ ಆಂಟಿ ಕ್ಲೋರಿನ್ ಹಾಕಿ. ವಾಸನೆ ಹೋಗಿದೆ ಅಂತ ಮಾತ್ರ ನಂಬಬೇಡಿ. ಬಾವಿಯಲ್ಲಿ ಕ್ಲೋರಿನ್ ಇರುವುದಿಲ್ಲ ಎಂಬ ಧೈರ್ಯದಲ್ಲೇ ವರ್ಷವಿಡೀ ಇರುವ ನಮಗೆ ಜೂನಿನಲ್ಲಿ ಇದು ಮರೆತುಹೋಗುತ್ತದೆ.

ಎಷ್ಟು ಲೀಟರಿಗೆ ಎಷ್ಟು ಗ್ರಾಂ? ಚಮಚದ ಲೆಕ್ಕ ಇದ್ದರೆ ಹೇಳಿ.

ಚಮಚದ ಲೆಕ್ಕ ಬಿಡಿ. ಒಂದು ಉಪ್ಪು ನಯ, ಇನ್ನೊಂದು ದೊರಗು; ಒಂದೇ ಚಮಚದಲ್ಲಿ ತೂಕ ಬೇರೆ ಬೇರೆ. ಅಡುಗೆಮನೆಯ ತಕ್ಕಡಿ ಸಾಕು.

ಒಂದು ಲೀಟರಿಗೆ ಒಂದು ಪಿಪಿಟಿ ಏರಿಸಲು ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಪೊಟ್ಟಣದ ಉಪ್ಪಿನಲ್ಲಿ ತೇವ ಇರುತ್ತದೆ. 100 ಲೀಟರ್ ನೀರನ್ನು 1.005ಕ್ಕೆ ತರಲು ಸುಮಾರು 750 ಗ್ರಾಂ. 1.010ಕ್ಕೆ ಒಂದೂವರೆ ಕಿಲೋ ಹತ್ತಿರ.

ಟ್ಯಾಂಕಿನ ಅಳತೆಯನ್ನೇ ನೀರಿನ ಅಳತೆ ಅಂತ ತಿಳಿಯಬೇಡಿ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಲೆಕ್ಕದಲ್ಲಿ 127 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 100-105 ಉಳಿದೀತು.

## ಅಳೆಯುವುದು

ಹೈಡ್ರೋಮೀಟರ್ ಸಾಕಾ, ರಿಫ್ರಾಕ್ಟೋಮೀಟರೇ ಬೇಕಾ?

ಕೈಗೆ ಸಿಗುವ ದುಡ್ಡಿದ್ದರೆ ರಿಫ್ರಾಕ್ಟೋಮೀಟರ್. ಒಂದೆರಡು ಹನಿ ನೀರು ಸಾಕು, ತಪ್ಪೂ ಕಡಿಮೆ. ಗಾಜಿನ ಮೇಲೆ ಹನಿ ಹಾಕಿ, ಮುಚ್ಚಳ ನಿಧಾನಕ್ಕೆ ಇಳಿಸಿ. ಗುಳ್ಳೆ ಉಳಿದರೆ ಒರೆಸಿ ಮತ್ತೆ ಹಾಕಿ. ಅರ್ಧ ನಿಮಿಷ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆಯೇ ನಿಮ್ಮ ಅಂಕೆ. ಆಗಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹನಿಸಿ ಸೊನ್ನೆ ತೋರಿಸುತ್ತದಾ ನೋಡಿ. ಇಲ್ಲದಿದ್ದರೆ ಮೇಲಿನ ಸ್ಕ್ರೂ ತಿರುಗಿಸಿ ಸರಿ ಮಾಡಿ. ಜೇನು, ಕಬ್ಬಿನ ಹಾಲಿನ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ಇದೇ ಥರ ಕಾಣುತ್ತದೆ. ಆರ್ಡರ್ ಮಾಡುವಾಗ ನೋಡಿಕೊಳ್ಳಿ.

ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರೂ ನಡೆಯುತ್ತದೆ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮೇಲೆದ್ದು ಉಪ್ಪು ಜಾಸ್ತಿ ತೋರಿಸುತ್ತದೆ. ಉಪ್ಪಿನ ಪೊರೆ ಕಟ್ಟಿದರೆ ಭಾರವಾಗಿ ಕಡಿಮೆ ತೋರಿಸುತ್ತದೆ. ತುಂಬಿದ ಮೇಲೆ ಮೆಲ್ಲಗೆ ಕುಟ್ಟಿ ಗುಳ್ಳೆ ಬಿಡಿಸಿ; ಅಳೆದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಪೊರೆ ಕಟ್ಟಿದ್ದರೆ ಒಂದು ರಾತ್ರಿ ವಿನೆಗರ್‌ನಲ್ಲಿ ಇಡಿ.

ತೇಲುವ ಗಾಜಿನ ಕಡ್ಡಿ ಇದ್ದರೆ, ಅದು ಯಾವ ಉಷ್ಣತೆಗೆ ಮಾಡಿದ್ದು ಅಂತ ಮೇಲೆ ಬರೆದಿರುತ್ತದೆ. 15 ಡಿಗ್ರಿಗೆ ಮಾಡಿದ್ದನ್ನು ನಮ್ಮ 28 ಡಿಗ್ರಿ ನೀರಲ್ಲಿ ಇಳಿಸಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 1.005ರ ಟ್ಯಾಂಕಿನಲ್ಲಿ ಈ ವ್ಯತ್ಯಾಸ ಸಣ್ಣದೇನಲ್ಲ.

ಆರ್‌ಒ ಫಿಲ್ಟರಿನವರು ಕೊಟ್ಟ ಟಿಡಿಎಸ್ ಮೀಟರ್ ಇದೆ. ಅದರಲ್ಲೇ ನೋಡಿದರೆ ಆಗದಾ?

ಆಗದು. ಆ ಪೆನ್ನು ಮಾಡಿದ್ದು ಕುಡಿಯುವ ನೀರಿಗೆ. ಸಾಮಾನ್ಯವಾಗಿ 9990ಕ್ಕೆ ನಿಲ್ಲುತ್ತದೆ, ಅದರ ಹತ್ತಿರ ಹೋದಾಗ ತೋರಿಸುವ ಅಂಕೆಗೂ ಭರವಸೆ ಇಲ್ಲ. ಬಾವಿ ನೀರಿಗೆ ಎಷ್ಟು ಉಪ್ಪು ಬಂದಿದೆ ನೋಡಲು ಮಾತ್ರ ಅದು ಒಳ್ಳೆಯ ಸಾಮಾನು.

ಅಮ್ಮ ರುಚಿ ನೋಡಿ ಹೇಳುತ್ತಾರೆ…

ಸಾರಿಗೆ ಸರಿ. ಟ್ಯಾಂಕಿನ ನೀರು ಬಾಯಿಗೆ ಬೇಡ.

## ಏರಿಸುವುದು, ಏರಿದ್ದನ್ನು ನಿಲ್ಲಿಸುವುದು

ಸಿಹಿನೀರಿನಲ್ಲಿರುವ ಮೀನನ್ನು ಉಪ್ಪಿಗೆ ತರುವುದು ಹೇಗೆ? ವಾರಕ್ಕೆ ಎಷ್ಟು?

ವಾರಕ್ಕೆ 0.001ರಿಂದ 0.002. ಅದಕ್ಕಿಂತ ಬೇಗ ಬೇಡ. ಮೀನು ತಡೆದುಕೊಂಡೀತು, ಫಿಲ್ಟರ್ ತಡೆದುಕೊಳ್ಳುವುದಿಲ್ಲ.

ಲೆಕ್ಕ ಹೀಗೆ. ಟ್ಯಾಂಕಿನಲ್ಲಿ 100 ಲೀಟರ್ ಸಿಹಿನೀರು ಇದೆ ಅಂತಿಟ್ಟುಕೊಳ್ಳಿ. ಮೊದಲ ವಾರ 25 ಲೀಟರ್ ತೆಗೆಯಿರಿ. ಹೊಸ 25 ಲೀಟರಿಗೆ ಸುಮಾರು 290 ಗ್ರಾಂ ಉಪ್ಪು ಕರಗಿಸಿ ನಿಧಾನಕ್ಕೆ ಹಾಕಿ. 1.002 ಬರುತ್ತದೆ. ಎರಡನೇ ವಾರವೂ ಅಷ್ಟೇ ಉಪ್ಪು ಹಾಕಿದರೆ 1.004 ಬರುವುದಿಲ್ಲ, ಯಾಕೆಂದರೆ ತೆಗೆದ 25 ಲೀಟರಿನ ಜೊತೆ ಉಪ್ಪೂ ಹೋಗಿದೆ. ಈ ಸಲ 365 ಗ್ರಾಂ ಬೇಕು. ಮೂರನೇ ವಾರ 1.005ಕ್ಕೆ ನಿಲ್ಲಿಸಿ, ಒಂದು ತಿಂಗಳು ಅಲ್ಲೇ ಬಿಡಿ.

ಹೊಸ ನೀರನ್ನು ಒಂದೇ ಸಲ ಮೀನಿನ ತಲೆ ಮೇಲೆ ಸುರಿಯಬೇಡಿ. ಸಣ್ಣ ಪೈಪಿನಲ್ಲಿ ಅರ್ಧ ಗಂಟೆ ಇಳಿಯಲಿ. ಗ್ರೀನ್ ಸ್ಪಾಟೆಡ್ ಆದರೆ 1.015 ಮುಟ್ಟಲು ವರ್ಷ ಹಿಡಿದರೂ ಪರವಾಗಿಲ್ಲ. ಮರಿ ಬೆಳೆದ ಹಾಗೆ ಉಪ್ಪೂ ಬೆಳೆಯಲಿ.

ಉಪ್ಪನ್ನು ನೇರ ಟ್ಯಾಂಕಿಗೇ ಹಾಕಿದರೆ ಎಂತ?

ಹರಳು ಅಡಿಗೆ ಬಿದ್ದ ಜಾಗದಲ್ಲಿ ನೀರು ಸಮುದ್ರಕ್ಕಿಂತ ಉಪ್ಪಾಗುತ್ತದೆ. ಪಫರಿಗೆ ಬಿದ್ದದ್ದನ್ನೆಲ್ಲ ಕಚ್ಚಿ ನೋಡುವ ಚಟ. ಬಾಲ್ದಿಯಲ್ಲಿ ಕರಗಿಸಿ, ಸಣ್ಣ ಪಂಪು ತಿರುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ತಿಳಿಯಾಗಿದ್ದರೆ ಅಳೆದು ಹಾಕಿ.

ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಉಪ್ಪು ನೀರು ತುಂಬಬೇಕಾ, ಸಿಹಿನೀರಾ?

ಸಿಹಿನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 1.010ರ ಟ್ಯಾಂಕು ಹತ್ತರಲ್ಲಿ ಒಂದು ಪಾಲು ಆವಿಯಾದರೆ 1.011 ಆಗಿರುತ್ತದೆ. ಅದಕ್ಕೆ ಉಪ್ಪು ನೀರು ತುಂಬುತ್ತಾ ಹೋದರೆ ತಿಂಗಳೊಳಗೆ ಅಂಕೆ ಎಲ್ಲಿಗೋ ಹೋಗಿರುತ್ತದೆ.

ಗಾಜಿನ ಹೊರಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಏಪ್ರಿಲ್, ಮೇಯಲ್ಲಿ ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಸಿಹಿನೀರು ತುಂಬಿ. ನೀರು ತೆಗೆದು ಬದಲಿಸುವಾಗ ಮಾತ್ರ ಅಳತೆಗೆ ಸರಿಯಾದ ಉಪ್ಪು ನೀರು. ಈ ಎರಡನ್ನು ಕಲಸಿಕೊಂಡವರೇ ‘ನಾನು ಉಪ್ಪು ಹಾಕಿಯೇ ಇಲ್ಲ, ಏರಿದೆ’ ಅಂತ ಫೋನ್ ಮಾಡುವುದು.

ಉಪ್ಪು ಏರಿಸಿದ ಮೇಲೆ ಅಮೋನಿಯಾ ಕಾಣುತ್ತಿದೆ. ಮೊದಲು ಸೊನ್ನೆ ಇತ್ತು.

ಫಿಲ್ಟರಿನ ಬ್ಯಾಕ್ಟೀರಿಯಾ ಹೊಸ ನೀರಿಗೆ ಹೊಂದಿಕೊಳ್ಳುತ್ತಿವೆ. ಏರಿಸುವುದು ನಿಲ್ಲಿಸಿ. ಊಟ ಅರ್ಧ ಮಾಡಿ. ಈಗ ಟ್ಯಾಂಕಿನಲ್ಲಿ ಎಷ್ಟು ಉಪ್ಪಿದೆಯೋ ಅಷ್ಟೇ ಉಪ್ಪಿನ ನೀರಿನಿಂದ ದಿನ ಬಿಟ್ಟು ದಿನ ಕಾಲು ಪಾಲು ಬದಲಿಸಿ. ಗಾಬರಿಯಲ್ಲಿ ಸಿಹಿನೀರು ಸುರಿದರೆ ಉಪ್ಪು ಇಳಿದು ಬ್ಯಾಕ್ಟೀರಿಯಾಗೆ ಇನ್ನೊಂದು ಹೊಡೆತ. ಪಿಎಚ್ 8 ದಾಟಿದ ನೀರಿನಲ್ಲಿ ಅಮೋನಿಯಾದ ವಿಷ ಜಾಸ್ತಿ. ಹಾಗಾಗಿ ‘ಸ್ವಲ್ಪ ತಾನೇ ಇದೆ’ ಎಂದು ಬಿಡುವಂತಿಲ್ಲ.

ಉಪ್ಪಿನ ಚೀಲ ಮಳೆಗಾಲದಲ್ಲಿ ಕಲ್ಲಾಯಿತು. ಬಿಸಾಡಬೇಕಾ?

ಬೇಡ. ಪುಡಿ ಮಾಡಿ ಕರಗಿಸಿ. ತೇವ ಎಳೆದುಕೊಂಡ ಉಪ್ಪಿನಲ್ಲಿ ನೀರಿನ ತೂಕವೂ ಸೇರಿರುತ್ತದೆ, ಹಾಗಾಗಿ ಗ್ರಾಂ ಲೆಕ್ಕಕ್ಕಿಂತ ಅಳತೆಯನ್ನೇ ನಂಬಿ. ಕೆಲವೊಮ್ಮೆ ಅಡಿಯಲ್ಲಿ ಬಿಳಿ ಪುಡಿ ಕರಗದೆ ಉಳಿಯುತ್ತದೆ, ಅದು ಸುಣ್ಣ. ಅದನ್ನು ಬಿಟ್ಟು ಮೇಲಿನ ನೀರು ಬಳಸಿ, ಕೆಎಚ್ ಒಮ್ಮೆ ನೋಡಿ. ಮೇ ಕೊನೆಗೇ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿಸಿಟ್ಟರೆ ಈ ಪಾಡಿಲ್ಲ.

ಜೂನಿನಲ್ಲಿ ಕರೆಂಟ್ ಹೋದರೆ ಗಂಟೆಗಟ್ಟಲೆ ಇಲ್ಲ. ಉಪ್ಪು ನೀರಿನಲ್ಲಿ ತೊಂದರೆ ಜಾಸ್ತಿಯಾ?

ಸ್ವಲ್ಪ ಜಾಸ್ತಿ. ಉಪ್ಪು ನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ. ಉಪ್ಪು ನೀರಿನ ಹನಿ ವಯರಿನ ಗುಂಟ ಇಳಿದು ಪ್ಲಗ್ಗಿಗೆ ಸೇರದಂತೆ ವಯರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಬಳುಕು ಬಿಟ್ಟು ಏರಿಸಿ.

## ಅನುಭವ ಇದ್ದವರು ಕೇಳುವುದು

ಗ್ರೀನ್ ಸ್ಪಾಟೆಡ್, ಫಿಗರ್ ಎಯ್ಟ್ ಎರಡನ್ನೂ 1.008ರಲ್ಲಿ ಒಟ್ಟಿಗೆ ಇಡಬಹುದಾ?

ಉಪ್ಪಿನ ಲೆಕ್ಕದಲ್ಲಿ ಮರಿಯಾಗಿದ್ದಾಗ ಆಗುತ್ತದೆ. ಸ್ವಭಾವದ ಲೆಕ್ಕದಲ್ಲಿ ಆಗುವುದಿಲ್ಲ. ಗ್ರೀನ್ ಸ್ಪಾಟೆಡ್ ಎರಡು ಪಟ್ಟು ಬೆಳೆದು ಇನ್ನೊಂದರ ಬಾಲ ಕಚ್ಚುತ್ತದೆ, ಅಷ್ಟು ಹೊತ್ತಿಗೆ ಅದಕ್ಕೆ ಜಾಸ್ತಿ ಉಪ್ಪೂ ಬೇಕು. ಒಂದು ಟ್ಯಾಂಕಿಗೆ ಒಂದೇ ಗ್ರೀನ್ ಸ್ಪಾಟೆಡ್, 120 ಲೀಟರಿಗೆ ಕಡಿಮೆ ಬೇಡ.

ಹೊಟ್ಟೆ ಬೂದು ಬಣ್ಣಕ್ಕೆ ತಿರುಗಿದೆ. ಉಪ್ಪು ಕಡಿಮೆಯಾಯಿತಾ?

ಇರಬಹುದು, ಆದರೆ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ಅಮೋನಿಯಾ, ನೈಟ್ರೈಟ್ ನೋಡಿ. ಗ್ರೀನ್ ಸ್ಪಾಟೆಡ್‌ನ ಬಿಳಿ ಹೊಟ್ಟೆ ಏನೇ ಕಿರಿಕಿರಿಯಾದರೂ ಕಪ್ಪಾಗುತ್ತದೆ. ಹೊಸ ಟ್ಯಾಂಕು, ಗಾಜಿನಲ್ಲಿ ಕಾಣುವ ತನ್ನದೇ ಬಿಂಬ, ಕೊಳೆತ ಸಿಗಡಿ ಚೂರು, ಯಾವುದಾದರೂ ಆಗಬಹುದು. ನಿದ್ದೆ ಮಾಡುವಾಗಲೂ ಕೆಲವು ಮೀನು ಮಂಕಾಗುತ್ತವೆ. ಬೆಳಿಗ್ಗೆ ದೀಪ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಆಗಲೂ ಬೂದು ಇದ್ದು, ಬಾಲ ಒಂದು ಕಡೆ ಮಡಚಿಕೊಂಡು ಮೂಲೆಯಲ್ಲಿ ನಿಂತಿದ್ದರೆ ಯೋಚಿಸಬೇಕು. ನೀರು ಸರಿ ಇದ್ದೂ, ಬೆಳೆದ ಮೀನು ಇನ್ನೂ 1.005ರಲ್ಲೇ ಇದ್ದು, ವಾರಗಟ್ಟಲೆ ಬಣ್ಣ ಬಾರದಿದ್ದರೆ ಆಗ ಉಪ್ಪು ಏರಿಸುವುದು ಸರಿ.

ಬಿಳಿ ಚುಕ್ಕೆ ರೋಗ ಉಪ್ಪಿನಿಂದಲೇ ವಾಸಿಯಾಗುತ್ತದಂತೆ, ಹೌದಾ?

ಯಾವ ಬಿಳಿ ಚುಕ್ಕೆ ಎಂಬುದರ ಮೇಲೆ. ಸಿಹಿನೀರಿನ ಬಿಳಿ ಚುಕ್ಕೆಯ ಜೀವಿ ಉಪ್ಪಿನಲ್ಲಿ ಬದುಕದು. ಅಂಗಡಿಯಿಂದ ಅದು ಹತ್ತಿಕೊಂಡು ಬಂದಿದ್ದರೆ 1.005ರ ಹೊತ್ತಿಗೆ ಸಾಮಾನ್ಯವಾಗಿ ಹೋಗುತ್ತದೆ. ಸಮುದ್ರದ ಬಿಳಿ ಚುಕ್ಕೆ ಬೇರೆಯೇ ಜೀವಿ, ಅದಕ್ಕೆ ಉಪ್ಪು ಕಡಿಮೆಯಾದರೆ ಆಗದು. 1.020ರಲ್ಲಿರುವ ಮೀನಿಗೆ ಅದು ಬಂದರೆ ಉಪ್ಪನ್ನು 1.009ಕ್ಕೆ ಇಳಿಸಿ ನಾಲ್ಕು ವಾರವಾದರೂ ಅಲ್ಲೇ ನಿಲ್ಲಿಸುತ್ತಾರೆ. ಅಳತೆ ಪಕ್ಕಾ ಇಲ್ಲದಿದ್ದರೆ ಈ ಚಿಕಿತ್ಸೆ ಕೆಲಸ ಮಾಡುವುದಿಲ್ಲ. ತಾಮ್ರ ಇರುವ ಔಷಧಿಯನ್ನು ಪಫರಿಗೆ ಹಾಕಬೇಡಿ. ಬೇರೆ ಮೀನಿನಂತೆ ಮೈಮೇಲೆ ಹುರುಪೆಯ ರಕ್ಷಣೆ ಇದಕ್ಕಿಲ್ಲ.

ಗಿಡ ಬದುಕುತ್ತದಾ? ಕಾಂಡ್ಲಾ ನೆಡಬಹುದಾ?

ಜಾವಾ ಫರ್ನ್, ಅನೂಬಿಯಾಸ್ 1.005ರವರೆಗೆ ಬಹುಶಃ ತಡೆದುಕೊಳ್ಳುತ್ತವೆ. ಅದಕ್ಕಿಂತ ಮೇಲೆ ಸಾಯುತ್ತವೆ, ಕೊಳೆತು ನೀರು ಕೆಡಿಸುತ್ತವೆ. ಕಾಂಡ್ಲಾ ಚಂದ. ಹೊಳೆಬದಿಯಲ್ಲಿ ಉದುರಿ ತೇಲುವ ಉದ್ದನೆಯ ಕೋಡು ಒಂದು ಸಾಕು, ಬೇರು ಬಿಟ್ಟ ಸಸಿ ಕೀಳಬೇಡಿ. ಬೇರು ನೀರಿನಲ್ಲಿ, ಎಲೆ ಹೊರಗೆ ಇರಬೇಕು. ಎಲೆಯ ಮೇಲೆ ಉಪ್ಪು ಕಂಡರೆ ಸಿಹಿನೀರು ಚಿಮುಕಿಸಿ. ಇದು ನೈಟ್ರೇಟ್ ಪೂರ್ತಿ ಎಳೆದುಬಿಡುತ್ತದೆ ಅಂತ ಮಾತ್ರ ಆಸೆ ಪಡಬೇಡಿ, ಬಹಳ ನಿಧಾನದ ಗಿಡ.

ಪ್ರೋಟೀನ್ ಸ್ಕಿಮ್ಮರ್ ಯಾವಾಗಿನಿಂದ ಕೆಲಸ ಮಾಡುತ್ತದೆ?

ನೊರೆ ಎಬ್ಬಿಸಿ ನೀರಿನ ಗಲೀಜು ತೆಗೆಯುವ ಈ ಯಂತ್ರ ಕೆಲಸ ಮಾಡುವುದು 1.015ರ ಹತ್ತಿರ ಹೋದ ಮೇಲೆ. ಅದಕ್ಕಿಂತ ಕಡಿಮೆ ಉಪ್ಪಿನಲ್ಲಿ ಗುಳ್ಳೆ ದೊಡ್ಡದಾಗಿ ಒಡೆಯುತ್ತದೆ, ನೊರೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಆ ದುಡ್ಡನ್ನು ದೊಡ್ಡ ಫಿಲ್ಟರಿಗೆ ಹಾಕಿ.

ಅಳಿವೆಯಲ್ಲಿ ಬಲೆಗೆ ಬಿದ್ದ ಪಫರನ್ನು ತಂದು ಸಾಕಬಹುದಾ?

ನಾನಾದರೆ ತರುವುದಿಲ್ಲ. ನಮ್ಮ ಅಳಿವೆಗಳಲ್ಲಿ ಬಿಳಿ ಚುಕ್ಕೆಯ ದೊಡ್ಡ ಜಾತಿಯ ಪಫರ್ ಇದೆ, ಅಡಿ ದಾಟಿ ಬೆಳೆಯುತ್ತದೆ. ಹೊಟ್ಟೆಯಲ್ಲಿ ಹುಳ, ಬಲೆಯ ಗಾಯ ಬೇರೆ. ಬಲೆಯಿಂದ ಎತ್ತುವಾಗ ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕಲಾಗದೆ ಸಾಯುವುದೂ ಉಂಟು. ಬಿಡುವಾಗ ನೀರಿನೊಳಗೇ ಬಿಡಿಸಿ. ಹಾಗೆಯೇ, ಅದನ್ನು ಸಾರು ಮಾಡುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಅದರ ವಿಷ ಕುದಿಸಿದರೆ ಹೋಗುವುದಿಲ್ಲ, ಮದ್ದೂ ಇಲ್ಲ.

ಬದಲಿಸಿದ ಉಪ್ಪು ನೀರನ್ನು ತೋಟಕ್ಕೆ ಬಿಡಬಹುದಾ?

ಅಡಿಕೆ, ಕರಿಮೆಣಸಿನ ಬುಡಕ್ಕೆ ಬೇಡ. ಮಲ್ಲಿಗೆಗಂತೂ ಬೇಡವೇ ಬೇಡ. ಹೊಳೆಗೂ ಚೆಲ್ಲಬೇಡಿ, ಟ್ಯಾಂಕಿನ ರೋಗ ಹೊಳೆಗೆ ಹೋಗಬಾರದು. ತೆಂಗಿಗೆ ಹಾಕಬಹುದು. ಹಿರಿಯರು ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಿದ್ದದ್ದು ನೆನಪಿದೆಯಲ್ಲ, ಅದಕ್ಕೆ ಕ್ಲೋರೈಡ್ ಬೇಕು. ಆದರೂ ವಾರ ವಾರ ಒಂದೇ ಮರಕ್ಕೆ ಸುರಿಯದೆ ಮರ ಬದಲಿಸುತ್ತಾ ಹೋಗಿ. ಬಾವಿಯಿಂದ ದೂರದ ಮರ ಆರಿಸಿ.